ಸ್ಕ್ರೂ ಬಿಚ್ಚಿದ್ದಕ್ಕೂ ಬಿಲ್ಲು ಬರೆಯುವ ಅಂಗಡಿ

ಲ್ಯಾಪ್‌ಟಾಪು ರಿಪೇರಿಯ ಬಿಲ್ಲಿನಲ್ಲಿ ಮೂರು ಸಾಲುಗಳಿದ್ದವು. ಬ್ಯಾಟರಿ 2,900 ರೂಪಾಯಿ. ಬಿಚ್ಚಿ ಜೋಡಿಸಿದ ಕೂಲಿ 300. ಕೊನೆಯಲ್ಲಿ ‘ಹಟಮಾರಿ ಸ್ಕ್ರೂ – 3’ ಎಂದು ಬರೆದು ಎದುರಿಗೆ 450. ನಾನು ತೋಟದ ಲೆಕ್ಕ ಬರೆಯುವ ರೈಟರ್. ಮೊದಲ ಎರಡನ್ನು ತೋಟದ ಒಡೆಯರಾದ ನಮ್ಮ ಸಾಹುಕಾರರು ತಕರಾರಿಲ್ಲದೆ ಒಪ್ಪಿದರು. ಮೂರನೆಯದರ ಮೇಲೆ ಬೆರಳಿಟ್ಟು, ‘ರೈಟರೇ, ಸ್ಕ್ರೂ ಬಿಚ್ಚದೆ ಬ್ಯಾಟರಿ ಹಾಕುವುದಕ್ಕೆ ಆಗುತ್ತದೆಯೇ? ಇದು ಕೂಲಿಯೊಳಗೇ ಬರಬೇಕಲ್ಲ’ ಎಂದರು. ನ್ಯಾಯವಾದ ಪ್ರಶ್ನೆಯೇ. ಆದರೆ ಕೆಲಸವನ್ನು ಎದುರಿಗೆ ನಿಂತು ನೋಡಿದವನು ನಾನು. ಇಡೀ ಬಿಲ್ಲಿನಲ್ಲಿ ದುಡಿದು ಗಳಿಸಿದ ಹಣವೆಂದರೆ ಆ 450 ರೂಪಾಯಿಯೇ.

ಅಂಗಡಿ ಇರುವುದು ಚಿಕ್ಕಮಗಳೂರಿನಲ್ಲಿ, ಇಂದಿರಾ ಗಾಂಧಿ ರಸ್ತೆಯಿಂದ ಒಳಗೆ ಹೋಗುವ ಒಂದು ಸಂದಿಯಲ್ಲಿ. ಕೆಳಗೆ ಬಳೆ ಅಂಗಡಿ, ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರೆ ಇವರದು. ಅಣ್ಣ ಗಲ್ಲಾದಲ್ಲಿ, ತಂಗಿ ಕೆಲಸದ ಮೇಜಿನಲ್ಲಿ. ‘ಹೆಸರು ಹಾಕಿ ಹೊಗಳಬೇಡಿ ಸಾರ್, ಇರುವ ಕೆಲಸವೇ ಮುಗಿಯುತ್ತಿಲ್ಲ’ ಎಂದು ಆಕೆ ಕೇಳಿಕೊಂಡದ್ದರಿಂದ ಗುರುತನ್ನಷ್ಟೇ ಹೇಳುತ್ತಿದ್ದೇನೆ. ಹುಡುಕಿಕೊಂಡು ಹೋಗುವವರಿಗೆ ಬಳೆ ಅಂಗಡಿಯವರು ದಾರಿ ತೋರಿಸುತ್ತಾರೆ, ಸ್ವಲ್ಪ ಬೇಸರದಿಂದ.

ನಾನು ಒಯ್ದದ್ದು ತೋಟದ ಆಫೀಸಿನ ಲ್ಯಾಪ್‌ಟಾಪು. ಚೆಕ್‌ರೋಲ್ ಎಂಬ ಆಳುಗಳ ಹಾಜರಿ ಪಟ್ಟಿ, ಗೊಬ್ಬರದ ಲೆಕ್ಕ, ಕೊಯ್ಲಿನ ಕಾಲದಲ್ಲಿ ಯಾರು ಎಷ್ಟು ಕೆ.ಜಿ. ಹಣ್ಣು ಕುಯ್ದರೆಂಬ ಪಟ್ಟಿ, ಎಲ್ಲವೂ ಅದರಲ್ಲೇ. ಆಲ್ದೂರಿನ ಕಡೆ ನಮ್ಮದು ಮಳೆಗಾಲದಲ್ಲಿ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುವ ಜಾಗ. ಅಂಥ ಗಾಳಿಯಲ್ಲಿ ವರ್ಷಗಟ್ಟಲೆ ಕುಳಿತ ಯಂತ್ರದ ತಳದ ಸ್ಕ್ರೂಗಳಿಗೆ ತುಕ್ಕು ಬಾರದೆ ಇರುತ್ತದೆಯೇ? ಸಾಲದ್ದಕ್ಕೆ, ಹಿಂದೊಮ್ಮೆ ಫ್ಯಾನಿನ ಧೂಳು ತೆಗೆಸಲು ಬೇರೆ ಊರಿನ ಅಂಗಡಿಯೊಂದಕ್ಕೆ ಕೊಟ್ಟಿದ್ದಾಗ, ಅಲ್ಲಿನ ಹುಡುಗ ಕರೆಂಟಿನ ಸ್ಕ್ರೂಡ್ರೈವರಿನಿಂದ ಗರ್‍ರೆಂದು ಬಿಗಿದು ಮೂರು ತಲೆಗಳನ್ನು ಸವೆಸಿ ಕಳುಹಿಸಿದ್ದ. ಈ ಸಲ ಟಚ್‌ಪ್ಯಾಡು ಮೇಲೆದ್ದು ಕ್ಲಿಕ್ಕಾಗುವುದು ನಿಂತಾಗ, ಒಳಗೆ ಬ್ಯಾಟರಿ ಉಬ್ಬಿದೆ ಎಂದು ತಿಳಿಯಿತು. ಅದನ್ನು ತೆಗೆಯಲೇಬೇಕು. ತೆಗೆಯಲು ತಳ ಬಿಚ್ಚಬೇಕು. ತಳ ಬಿಡುತ್ತಿಲ್ಲ.

ಹೋದ ಕೂಡಲೇ ಆಕೆ ಕೇಳಿದ್ದು ಲ್ಯಾಪ್‌ಟಾಪಿನ ಕಂಪನಿ ಯಾವುದೆಂದಲ್ಲ. ‘ಚಾರ್ಜ್ ಎಷ್ಟಿದೆ?’ ಎಂದು. ಅರ್ಧಕ್ಕಿಂತ ಹೆಚ್ಚಿತ್ತು. ‘ಇನ್ನು ಚಾರ್ಜರ್ ಚುಚ್ಚಬೇಡಿ. ಇಲ್ಲೇ ಇಳಿಸುತ್ತೇನೆ, ಆಮೇಲೆ ಬಿಚ್ಚೋಣ’ ಎಂದರು. ತುಂಬಿದ ಲಿಥಿಯಂ ಬ್ಯಾಟರಿಗೆ ಕೈ ತಪ್ಪಿ ಸ್ಕ್ರೂಡ್ರೈವರ್ ಚುಚ್ಚಿದರೆ ಹೊಗೆ ಬೆಂಕಿ ಎಲ್ಲವೂ ಬರಬಹುದು. ಇಳಿದಿದ್ದರೆ ಅಪಾಯ ಅಷ್ಟು ಕಡಿಮೆ. ಇಷ್ಟು ಕೇಳಿದ ಮೇಲೆ ಇವರ ಕೈಗೆ ಕೊಡಬಹುದು ಎನ್ನಿಸಿತು.

ಇನ್ನೊಂದು ವಿಷಯವನ್ನೂ ಆಕೆಯೇ ತೋರಿಸಿಕೊಟ್ಟರು. ಉಬ್ಬಿದ ಬ್ಯಾಟರಿ ತಳದ ಮುಚ್ಚಳವನ್ನು ಒಳಗಿನಿಂದ ದೂಡುತ್ತಿರುತ್ತದೆ. ಮುಚ್ಚಳ ಸ್ಕ್ರೂವಿನ ತಲೆಯನ್ನು ಎಳೆದು ಹಿಡಿಯುತ್ತದೆ. ಹಾಗಾಗಿ ತುಕ್ಕಿಲ್ಲದ ಸ್ಕ್ರೂ ಕೂಡ ಬಿಗಿಯಾಗುತ್ತದೆ. ಅಂಚಿನಲ್ಲಿ, ಬ್ಯಾಟರಿಯಿಂದ ದೂರದಲ್ಲಿ, ಹೆಬ್ಬೆರಳಿನಿಂದ ಮುಚ್ಚಳವನ್ನು ಒತ್ತಿ ಹಿಡಿದು ತಿರುಗಿಸಿದಾಗ ಒಳ್ಳೆಯ ಸ್ಕ್ರೂಗಳೆಲ್ಲ ಮರುಮಾತಿಲ್ಲದೆ ಬಂದವು. ರಬ್ಬರ್ ಪಾದದ ಅಡಿಯಲ್ಲಿ ಅಡಗಿದ್ದ ಒಂದನ್ನೂ ಮರೆಯದೆ ತೆಗೆದರು. ಅದನ್ನು ನೋಡದೆ ಮುಚ್ಚಳ ಎಳೆದು ಪ್ಲಾಸ್ಟಿಕ್ ಸೀಳಿಕೊಂಡ ಲ್ಯಾಪ್‌ಟಾಪೊಂದು ಅವರ ಕಪಾಟಿನಲ್ಲೇ ಇತ್ತು.

ಉಳಿದದ್ದು ಮೂರು. ಇವುಗಳಲ್ಲಿ ಮೊದಲನೆಯದಕ್ಕೆ ಬೇಕಾದದ್ದು ಸ್ಕ್ರೂಡ್ರೈವರಿನ ಸರಿಯಾದ ತುದಿ, ಅಷ್ಟೆ. ನಾವೆಲ್ಲ ಸ್ಟಾರ್ ಎಂದು ಕರೆಯುವ, ತಲೆಯಲ್ಲಿ ಕೂಡುವ ಗುರುತಿನಂಥ (+) ಗುಳಿಯಿರುವ ಸ್ಕ್ರೂ ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದ ನಮೂನೆ. ಅದರ ಗುಳಿಯ ಗೋಡೆಗಳು ಇಳಿಜಾರು. ಬಲ ಹೆಚ್ಚಾದಂತೆ ತುದಿ ತಾನೇ ಮೇಲಕ್ಕೆ ಜಾರುತ್ತದೆ, ಜಾರಿದಾಗಲೆಲ್ಲ ಗುಳಿ ಒಂದಿಷ್ಟು ಸವೆಯುತ್ತದೆ. ಲ್ಯಾಪ್‌ಟಾಪಿಗೆ ಪಿ.ಎಚ್. (ಅಂದರೆ ಫಿಲಿಪ್ಸ್) ಸೊನ್ನೆ, ಎರಡು ಸೊನ್ನೆ ಅಳತೆಯ ತುದಿಗಳು ಬೇಕಾಗುತ್ತವೆ. ಸೊನ್ನೆ ಹೆಚ್ಚಾದಷ್ಟೂ ತುದಿ ಸಣ್ಣದು. ಮೊಬೈಲ್ ರಿಪೇರಿಯ ಸಣ್ಣ ತುದಿಯನ್ನೇ ಎಲ್ಲದಕ್ಕೂ ತುರುಕುವುದರಿಂದಲೇ ಅರ್ಧ ತಲೆಗಳು ಹಾಳಾಗುವುದು ಎಂಬುದು ಆಕೆಯ ದೂರು. ಅವರು ಗುಳಿಯೊಳಗಿನ ತುಕ್ಕನ್ನು ಸೂಜಿಯಿಂದ ಕೆರೆದು, ಸ್ಪಿರಿಟ್ ಹಚ್ಚಿ ಒರೆಸಿ, ಒಂದೊಂದೇ ತುದಿಯನ್ನು ಇಟ್ಟು ಅಲ್ಲಾಡಿಸಿ ನೋಡಿದರು. ಅಲುಗದೆ ಕುಳಿತ ತುದಿಯನ್ನು ಆರಿಸಿಕೊಂಡು, ಮೊಣಕೈ ಎತ್ತಿ ನೇರ ಕೆಳಕ್ಕೆ ಭಾರ ಬಿಟ್ಟು, ಮೊದಲು ಒಂದಿಷ್ಟು ಬಿಗಿಯುವ ಕಡೆಗೇ ತಿರುಗಿಸಿದರು. ಟಕ್ ಎಂದಿತು. ತುಕ್ಕಿನ ಹಿಡಿತ ಬಿಟ್ಟ ಸದ್ದು. ಆಮೇಲೆ ಎಡಕ್ಕೆ ತಿರುಗಿಸಿದರೆ ಸಲೀಸಾಗಿ ಬಂತು.

ಎರಡನೆಯದು ಪರದೆ ಮಡಚುವ ಹಿಂಜಿನ ಮೂಲೆಯದು. ಅದು ತಿರುಗುತ್ತಿತ್ತು, ಆದರೆ ಮೇಲೆ ಬರುತ್ತಿರಲಿಲ್ಲ. ಸ್ಕ್ರೂವನ್ನು ಹಿಡಿದುಕೊಳ್ಳಲು ಪ್ಲಾಸ್ಟಿಕ್ಕಿನೊಳಗೆ ಕೂರಿಸಿದ ಹಿತ್ತಾಳೆಯ ಬುಷ್ ಎಂಬ ಪುಟ್ಟ ಕೊಳವೆ ಕಿತ್ತುಕೊಂಡು ಸ್ಕ್ರೂವಿನ ಜೊತೆಗೇ ಸುತ್ತುತ್ತಿತ್ತು. ಪರದೆಯನ್ನು ಒಂದೇ ಮೂಲೆ ಹಿಡಿದು ತೆರೆಯುವವರ ಲ್ಯಾಪ್‌ಟಾಪುಗಳೆಲ್ಲ ಇಲ್ಲೇ ಮುರಿಯುತ್ತವೆಯಂತೆ (ನಮ್ಮ ಸಾಹುಕಾರರು ಹಾಗೆಯೇ ತೆರೆಯುವುದು, ಇದನ್ನು ಅವರಿಗೆ ಹೇಳಲಿಲ್ಲ). ಇಲ್ಲಿ ಎಷ್ಟು ಬಲ ಹಾಕಿದರೂ ವ್ಯರ್ಥ. ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ಮುಚ್ಚಳದ ಸಂದಿಗೆ ಸೇರಿಸಿ ಮೆಲ್ಲಗೆ ಮೇಲಕ್ಕೆ ಮೀಟಿ ಹಿಡಿದು, ಅದೇ ಹೊತ್ತಿಗೆ ತಿರುಗಿಸಿದರು. ಎಳೆತಕ್ಕೆ ಸಿಕ್ಕಿದ ಬುಷ್ ಒಂದು ಕ್ಷಣ ನಿಂತಿತು, ಸ್ಕ್ರೂ ಕಾಲು ಸುತ್ತು ಬಿಚ್ಚಿಕೊಂಡಿತು. ಮತ್ತೆ ಮೀಟು, ಮತ್ತೆ ಕಾಲು ಸುತ್ತು. ಎರಡು ಮಿಲಿಮೀಟರ್ ದಪ್ಪದ ಈ ಸ್ಕ್ರೂ ಒಂದು ಪೂರ್ತಿ ಸುತ್ತಿಗೆ ಏರುವುದು 0.4 ಮಿಲಿಮೀಟರ್ ಮಾತ್ರ. ಅಷ್ಟು ಹೊತ್ತೂ ಅಣ್ಣ ನನಗೆ ಕಾಳುಮೆಣಸಿನ ಧಾರಣೆಯ ಬಗ್ಗೆ ಉಪದೇಶ ಮಾಡುತ್ತಿದ್ದ.

ಮೂರನೆಯದರ ತಲೆ ಬಟ್ಟಲಿನಂತೆ ನುಣ್ಣಗಾಗಿತ್ತು. ಅಂಥದಕ್ಕೆ ಆರು ಮೂಲೆಯ ಟಾರ್ಕ್ಸ್ ತುದಿಯನ್ನು ಮೆಲ್ಲಗೆ ಬಡಿದು ಕೂರಿಸಿ ತಿರುಗಿಸುವುದುಂಟು. ಪಕ್ಕದಲ್ಲೇ ಹಾರ್ಡ್ ಡಿಸ್ಕ್ ಇದ್ದುದರಿಂದ ಬಡಿಯುವುದಿಲ್ಲ ಎಂದರು. ಸಾಲ್ಡರಿಂಗ್ ಕಡ್ಡಿಯಿಂದ ತಲೆಯನ್ನು ಕಾಯಿಸಿದರೆ ಥ್ರೆಡ್‌ಗೆ, ಅಂದರೆ ಸ್ಕ್ರೂವಿನ ಸುರುಳಿ ಗೆರೆಗಳಿಗೆ, ಸಡಿಲಾಗದಂತೆ ಹಚ್ಚಿದ ನೀಲಿ ಅಂಟು ಮೆತ್ತಗಾಗುತ್ತದೆ; ಉಬ್ಬಿದ ಬ್ಯಾಟರಿಯ ಬಳಿ ಬಿಸಿಯ ಮಾತೇ ಬೇಡ ಎಂದರು. ಹಿಡಿತ ಸಿಗಲೆಂದು ತುದಿಯಡಿ ರಬ್ಬರ್ ಬ್ಯಾಂಡ್ ಇಟ್ಟು ನೋಡಿ ಎಂದು ನಾನೇ ಸೂಚಿಸಿದೆ. ದೊಡ್ಡ ಸ್ಕ್ರೂಗಳಿಗೆ ಸರಿ, ಇಷ್ಟು ಸಣ್ಣ ಗುಳಿಯಲ್ಲಿ ರಬ್ಬರೇ ಜಾಗ ತುಂಬಿಬಿಡುತ್ತದೆ ಎಂದು ಉತ್ತರ ಬಂತು. ಉಳಿದ ದಾರಿ ತಲೆಯನ್ನೇ ಕೊರೆಯುವುದು.

ಕರೆಂಟಿನ ಡ್ರಿಲ್ ಮೇಜಿನ ಮೇಲೇ ಇದ್ದರೂ ಅದನ್ನು ಮುಟ್ಟಲಿಲ್ಲ. ಬೆರಳಿನಲ್ಲಿ ತಿರುಗಿಸುವ ಪುಟ್ಟ ಡ್ರಿಲ್ಲಿಗೆ, ಸ್ಕ್ರೂವಿನ ಕಾಂಡಕ್ಕಿಂತ ತುಸು ದಪ್ಪದ ಬಿಟ್ ಹಾಕಿದರು. ಸುತ್ತಲೂ ಟೇಪು ಅಂಟಿಸಿದರು. ಲೋಹದ ಒಂದು ಚೂರು ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್ ಆಗಿ ಹೊಸ ಬ್ಯಾಟರಿಯ ಜೊತೆಗೆ ಹೊಸ ಲ್ಯಾಪ್‌ಟಾಪನ್ನೂ ಕೊಳ್ಳಬೇಕಾಗುತ್ತದೆ. ಎರಡು ಬೆರಳಿನ ನಡುವೆ ಡ್ರಿಲ್ ಸುತ್ತುತ್ತಿತ್ತು, ಬೆಳ್ಳನೆಯ ಪುಡಿ ಟೇಪಿಗೆ ಅಂಟುತ್ತಿತ್ತು. ಆಗಾಗ ನಿಲ್ಲಿಸಿ ಮಸೂರದಲ್ಲಿ ನೋಡಿ, ಪುಡಿ ಒರೆಸಿ, ಮತ್ತೆ ಸುತ್ತುವುದು. ಗೆಳೆಯನೊಬ್ಬ ಬಸ್ ನಿಲ್ದಾಣದಿಂದ ಫೋನ್ ಮಾಡಿ ಕಾಯುತ್ತಿದ್ದೇನೆ ಎಂದ, ಹೊರಡಲು ಮನಸ್ಸಾಗಲಿಲ್ಲ. ಕೊನೆಗೆ ತಲೆ ಒಂದು ಉಂಗುರವಾಗಿ ಬಿಟ್ಟುಕೊಂಡಿತು, ಮುಚ್ಚಳ ತಾನಾಗಿಯೇ ಉಸ್ಸೆಂದು ಮೇಲೆದ್ದಿತು. ಅಷ್ಟು ಹಟ ಮಾಡಿದ ಸ್ಕ್ರೂವಿನ ಉಳಿದ ಮೊಂಡನ್ನು ಆಕೆ ಚಿಮ್ಮಟದಲ್ಲಿ ಹಿಡಿದು ತಿರುಗಿಸಿದರೆ ಸುಮ್ಮನೆ ಹೊರಬಂತು. ತಲೆಯ ಮೇಲಿನ ಎಳೆತ ಹೋದ ಮೇಲೆ ಅದಕ್ಕೆ ಹಿಡಿದುಕೊಳ್ಳಲು ಏನೂ ಉಳಿದಿರಲಿಲ್ಲ.

ಬಿಚ್ಚಿದ ಸ್ಕ್ರೂಗಳನ್ನು ಬಟ್ಟಲಿಗೆ ಸುರಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಕಾಗದದ ಮೇಲೆ ಲ್ಯಾಪ್‌ಟಾಪಿನ ಚೌಕ ಬರೆದು, ಯಾವ ಮೂಲೆಯದು ಆ ಮೂಲೆಯಲ್ಲೇ ಟೇಪಿನಡಿ ಇಡುತ್ತಾರೆ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಮೇಲಿನ ಪ್ಲಾಸ್ಟಿಕ್ಕನ್ನೋ ಬೋರ್ಡನ್ನೋ ತೂತು ಮಾಡುತ್ತದೆ.

ಇನ್ನು ದೂರುಗಳು. ಕೂರಲು ಜಾಗವಿಲ್ಲ. ಇರುವ ಒಂದೇ ಸ್ಟೂಲಿನ ಮೇಲೆ ಸದಾ ಯಾರದೋ ಪ್ರಿಂಟರ್ ಇರುತ್ತದೆ. ಫೋನ್ ಎತ್ತುವುದಿಲ್ಲ. ‘ಸಂಜೆಗೆ ಆಗುತ್ತದೆ’ ಎಂದು ಅಣ್ಣ ಹೇಳಿದರೆ ನಂಬಬೇಡಿ, ತಂಗಿಯನ್ನೇ ಕೇಳಿ. ಅವರು ನಾಳೆ ಎನ್ನುತ್ತಾರೆ, ಅದೇ ನಿಜ. ಹೊಸದಾಗಿ ಹಾಕಿದ ಸ್ಕ್ರೂಗಳು ಬೆಳ್ಳಿಯ ಬಣ್ಣದವು, ನಮ್ಮವು ಕಪ್ಪು. ಹಿಂಜಿನ ಮೂಲೆಯ ಬುಷ್ಷನ್ನು ಅರಾಲ್ಡೈಟ್ ಅಂಟು ಹಾಕಿ ಕೂರಿಸಿದ್ದಾರೆ, ಅದು ಒಣಗಲಿ ಎಂದು ರಾತ್ರಿ ಅಲ್ಲೇ ಬಿಟ್ಟು ಬರಬೇಕಾಯಿತು. ಪರದೆ ತೆರೆದಾಗ ಆ ಮೂಲೆ ಈಗಲೂ ಕಿರ್ ಎನ್ನುತ್ತದೆ. ಬ್ಯಾಟರಿಗೆ ಕೊಟ್ಟ ಗ್ಯಾರಂಟಿ ಆರೇ ತಿಂಗಳು, ಅದೂ ಬಿಲ್ಲಿನ ಹಿಂಬದಿಯಲ್ಲಿ ಕೈಬರಹದಲ್ಲಿ. ಇವುಗಳಿಗಾಗಿ ಐದರಲ್ಲಿ ಒಂದು ಅಂಕ ಕಡಿಮೆ ಮಾಡಿದ್ದೇನೆ.

ಸ್ಕ್ರೂವಿನ ದರವನ್ನು ಮಾತ್ರ ಯಾರೂ ಚೌಕಾಸಿ ಮಾಡಬೇಡಿ. ಬಿಚ್ಚುವ ಮೊದಲೇ ಒಂದಕ್ಕೆ 150 ಎಂದು ಹೇಳುತ್ತಾರೆ, ಬಾರದೆ ಹೋದರೆ ತೆಗೆದುಕೊಳ್ಳುವುದಿಲ್ಲ. ಕೂಲಿಯೊಳಗೇ ಸೇರಿಸಿಬಿಟ್ಟರೆ ಯಾರಾದರೂ ಅವಸರವನ್ನೇ ಮಾಡುತ್ತಾರೆ. ಪ್ರತ್ಯೇಕ ಹಣ ಇರುವುದರಿಂದಲೇ ಆಕೆ ಒಂದು ತಲೆಯ ಮುಂದೆ ಅಷ್ಟು ಹೊತ್ತು ಕೂರಬಲ್ಲರು. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುತ್ತಾರೆ, ಭಾನುವಾರ ರಜೆ. ಮನೆಯಲ್ಲೇ ಪ್ರಯೋಗ ಮಾಡಿ ತಲೆಗೆ ಫೆವಿಕ್ವಿಕ್ ಸುರಿದುಕೊಂಡು ಹೋದರೆ, ಅದು ಥ್ರೆಡ್‌ಗೂ ಇಳಿದಿರುತ್ತದೆ ಎಂದು ದರ ದುಪ್ಪಟ್ಟು. ಗಲ್ಲಾದ ಮೇಲೆ ಹಾಗೆಂದು ದಪ್ಪ ಅಕ್ಷರಗಳಲ್ಲಿ ಬರೆದು ಅಂಟಿಸಿದ್ದಾರೆ.