ಐದು ಮೀಟರೋ, ಎಂಟು ಮೀಟರೋ: ಕಟ್ಟಡದ ಕೆಲಸಕ್ಕೆ ಬಾಳುವ ಟೇಪು

ಟೇಪು ಹಾಳಾಗುವುದು ಮೊದಲ ಎರಡು ಅಡಿಯಲ್ಲಿ. ಆಮೇಲಿನ ಪಟ್ಟಿ ಹೊಸದರಂತೆ ಹೊಳೆಯುತ್ತಿದ್ದರೂ, ಆ ಮೊದಲ ಅಂಕಿಗಳು ಅಳಿಸಿಹೋದರೆ ಅದು ಕೆಲಸಕ್ಕೆ ಬಾರದು. ಮಂಡ್ಯದ ಸುತ್ತ ಮನೆ ಕಟ್ಟಿಸುವ ಮೇಲ್ವಿಚಾರಣೆಯಲ್ಲಿ ನಾನು ಮೂರು ಬಗೆಯ ಟೇಪುಗಳನ್ನು ಬಳಸಿ ನೋಡಿದ್ದೇನೆ: 19 ಮಿ.ಮೀ. ಅಗಲದ 5 ಮೀಟರಿನದು, 25 ಮಿ.ಮೀ. ಅಗಲದ 8 ಮೀಟರಿನದು, 30 ಮೀಟರಿನ ಫೈಬರ್ ಟೇಪು.

ಇಲ್ಲಿನ ಎಷ್ಟೋ ಬಡಾವಣೆಗಳು ಹಿಂದೆ ಗದ್ದೆಯಾಗಿದ್ದವು. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ಪಾಯದ ಗುಂಡಿಯಲ್ಲಿ ನೀರು ಜಿನುಗುತ್ತದೆ, ಮಣ್ಣು ಅಂಟಾಗುತ್ತದೆ. ಬರಿಯ ಬಣ್ಣ ಬಳಿದ 5 ಮೀಟರಿನ ಟೇಪನ್ನು ಅಂಥ ಸೈಟಿನಲ್ಲಿ ಪಾಯದಿಂದ ಲಿಂಟೆಲ್ (ಬಾಗಿಲು, ಕಿಟಕಿಗಳ ಮೇಲಿನ ತೊಲೆ) ಮಟ್ಟದವರೆಗೆ ಬಳಸಿದೆ. ಕಂಬಿಗಳ ಮೇಲೆ ದಿನವೂ ಉಜ್ಜಿ ಮೊದಲ ಅಡಿಯ ಗೆರೆಗಳು ಮಾಸಿದವು. ಮರಳು ಒಳಗೆ ಹೋಗಿ, ಪಟ್ಟಿಯನ್ನು ಕೈಯಿಂದ ತಳ್ಳಿದರೆ ಮಾತ್ರ ಒಳಸೇರುವಂತಾಯಿತು. ಹಾಗೆಂದು ಅದನ್ನು ತಳ್ಳಿಹಾಕುವುದಿಲ್ಲ. ಹಗುರ, ಜೇಬಿನಲ್ಲಿ ಹಿಡಿಸುತ್ತದೆ. ಟೈಲ್ಸ್ ಹಾಕುವವರಿಗೆ, ಬಡಗಿಗಳಿಗೆ ಅದೇ ಸರಿ.

8 ಮೀಟರಿನದಕ್ಕೆ ಬಂದಾಗ ಕೈಗೆ ಭಾರ ಗೊತ್ತಾಯಿತು, ಆದರೆ ಕೆಲಸ ಬೇರೆಯೇ ಆಯಿತು. ಅಗಲವಾದ, ಉಬ್ಬು ಕೊಟ್ಟ ಪಟ್ಟಿ ಎರಡು ಮೀಟರಿನಷ್ಟು ದೂರ ಬಾಗದೆ ಚಾಚಿಕೊಂಡು ನಿಲ್ಲುತ್ತದೆ. ಕಾಲಂಗಳ ನಡುವಿನ ಅಂತರವನ್ನು ಎದುರಿಗೆ ಯಾರೂ ಹಿಡಿಯದೆ ಒಬ್ಬನೇ ನೋಡಬಹುದು. ತೆಳ್ಳಗಿನ ಟೇಪು ಅದಕ್ಕೆ ಬಹಳ ಮೊದಲೇ ಮಡಚಿ ಬೀಳುತ್ತದೆ. ಅದೇ ಜಾಗದಲ್ಲಿ ಮತ್ತೆ ಮತ್ತೆ ಮಡಚಿದರೆ ಅಲ್ಲಿಯೇ ಸೀಳುತ್ತದೆ. ನೈಲಾನ್ ಲೇಪನವೇ 8 ಮೀಟರಿನದರ ನಿಜವಾದ ಬಲ. ಸಿಮೆಂಟು ಹಾಲು ಒಣಗಿ ಕೂತರೂ ಒದ್ದೆ ಬಟ್ಟೆಯಿಂದ ಒರೆಸಿದರೆ ಅಂಕಿ ಉಳಿದಿರುತ್ತದೆ. ಕೊಳ್ಳುವಾಗ ಪಟ್ಟಿಯ ಆರಂಭದಲ್ಲಿ ನಿಖರತೆಯ ದರ್ಜೆ ನೋಡಿ. ರೋಮನ್ ಅಂಕಿಯಲ್ಲಿ ಎರಡು ಎಂದಿದ್ದರೆ 5 ಮೀಟರಿಗೆ ಹೆಚ್ಚೆಂದರೆ 1.3 ಮಿ.ಮೀ., 8 ಮೀಟರಿಗೆ 1.9 ಮಿ.ಮೀ. ವ್ಯತ್ಯಾಸ ಇರಬಹುದು. ಗಾರೆ ಕೆಲಸಕ್ಕೆ ಇಷ್ಟು ಸಾಕು.

ಎರಡರಲ್ಲೂ ನಾನು ಮೊದಲು ಪರೀಕ್ಷಿಸುವುದು ತುದಿಯ ಕೊಕ್ಕೆಯನ್ನು. ಅದು ಸ್ವಲ್ಪ ಅಲುಗಾಡಬೇಕು. ಅಂಚಿಗೆ ಸಿಕ್ಕಿಸಿ ಎಳೆದಾಗ ಹೊರಗೆ ಸರಿಯುತ್ತದೆ, ಗೋಡೆಗೆ ಒತ್ತಿದಾಗ ಒಳಗೆ ಸರಿಯುತ್ತದೆ. ಕೊಕ್ಕೆಯ ದಪ್ಪದಷ್ಟೇ ಆ ಸರಿದಾಟ. ಎರಡೂ ರೀತಿಯಲ್ಲಿ ಅಳತೆ ಸರಿಬರಲೆಂದೇ ಹಾಗೆ ಮಾಡಿದ್ದಾರೆ. ಸಡಿಲವಾಗಿದೆಯೆಂದು ರಿವೆಟ್ ಬಡಿದು ಬಿಗಿ ಮಾಡಿದ ಹುಡುಗರನ್ನು ಕಂಡಿದ್ದೇನೆ, ಪ್ರತಿ ಸಲವೂ ಹೊಟ್ಟೆ ಉರಿದಿದೆ. ಒಮ್ಮೆ ನನ್ನದೇ ಟೇಪು ಮಹಡಿಯಿಂದ ಬಿದ್ದು ಕೊಕ್ಕೆ ಬಾಗಿತ್ತು. ಗಮನಿಸದೆ ಕಿಟಕಿಗಳ ಅಳತೆ ಬರೆದುಕೊಟ್ಟೆ. ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಚೌಕಟ್ಟುಗಳು ಬಂದಾಗ ಮೂರು ಕಿಟಕಿಗಳಲ್ಲಿ ಗಿಲಾವು ಕೆತ್ತಬೇಕಾಯಿತು. ಆಗಿನಿಂದ ವಾರಕ್ಕೊಮ್ಮೆ ಉಕ್ಕಿನ ಅಡಿಪಟ್ಟಿಯ ಪಕ್ಕದಲ್ಲಿಟ್ಟು ನೋಡುತ್ತೇನೆ. ತುದಿಯ ಮೇಲೆ ಅನುಮಾನ ಬಂದರೆ 10 ಸೆಂಟಿಮೀಟರ್ ಗೆರೆಯಿಂದ ಹಿಡಿದು ಅಳೆಯುವುದು ಹಳೆಯ ಉಪಾಯ. ಆದರೆ ಆ ಹತ್ತನ್ನು ಕಳೆಯಲು ಮರೆಯದವನು ಪಕ್ಕದಲ್ಲಿರಬೇಕು.

ಇನ್ನು ಫೈಬರ್ ಟೇಪು. ಪಾಯ ತೋಡುವ ಮೊದಲು ನೆಲದ ಮೇಲೆ ಗೆರೆ ಹಾಕುವ ಮಾರ್ಕಿಂಗ್ ದಿನ ಇದಿಲ್ಲದೆ ನಡೆಯದು. 30×40 ಸೈಟಿನ ಕರ್ಣ ಸರಿಯಾಗಿ 50 ಅಡಿ, ಅಂದರೆ 15.24 ಮೀಟರ್, ಎರಡೂ ಕರ್ಣಗಳು 50 ಬಂದರೆ ಸೈಟಿನ ಮೂಲೆಗಳು ಚೌಕವಾಗಿವೆ. ಇದನ್ನು 8 ಮೀಟರಿನ ಟೇಪಿನಲ್ಲಿ ಎರಡು ತುಂಡಾಗಿ ಅಳೆದರೆ ತಪ್ಪೂ ಜೊತೆಗೇ ಬರುತ್ತದೆ. ಫೈಬರ್ ಪಟ್ಟಿಗೆ ತುಕ್ಕು ಹಿಡಿಯುವುದಿಲ್ಲ, ಕೆಸರಿನಲ್ಲಿ ಎಳೆದು ತೊಳೆದರೂ ತಡೆಯುತ್ತದೆ. ಆದರೆ ಎಳೆದರೆ ಹಿಗ್ಗುತ್ತದೆ. ಗಟ್ಟಿ ಕೈಯವನು ಜಗ್ಗಿದಾಗ 50 ಅಡಿಗೆ ಕಾಲು ಇಂಚಿನವರೆಗೆ ವ್ಯತ್ಯಾಸ ಕಂಡಿದ್ದೇನೆ. ಹಾಗಾಗಿ ಎರಡು ಕರ್ಣಗಳಿಗೂ ಒಬ್ಬನೇ, ಒಂದೇ ಬಿಗಿಯಲ್ಲಿ ಎಳೆಯಲಿ ಎನ್ನುತ್ತೇನೆ. ಬಾಗಿಲು, ಕಿಟಕಿಗಳ ಅಳತೆಗೆ ಇದನ್ನು ಹಿಡಿಯುವುದಿಲ್ಲ.

ಇಂಚು, ಮಿಲಿಮೀಟರ್ ಎರಡೂ ಇರುವ ಪಟ್ಟಿಯನ್ನೇ ಕೊಳ್ಳಿ. ನಕ್ಷೆಯಲ್ಲಿ, ಕಂಬ, ತೊಲೆಗಳ ಒಳಗಿನ ಕಂಬಿಗಳನ್ನು ಸುತ್ತುವ ರಿಂಗುಗಳ ಅಂತರ 150 ಮಿ.ಮೀ. ಎಂದಿರುತ್ತದೆ, ಮೇಸ್ತ್ರಿ ಆರು ಇಂಚೆಂದು ಹಿಡಿಯುತ್ತಾನೆ. ಇಪ್ಪತ್ತು ಅಂತರ ದಾಟುವಷ್ಟರಲ್ಲಿ 48 ಮಿ.ಮೀ. ಸರಿದಿರುತ್ತದೆ.

ಒಂದನ್ನೇ ಕೊಳ್ಳುವ ದುಡ್ಡಿದ್ದರೆ ನಾನು 25 ಮಿ.ಮೀ. ಅಗಲದ, ನೈಲಾನ್ ಲೇಪನದ 8 ಮೀಟರಿನದನ್ನೇ ಕೊಳ್ಳುತ್ತೇನೆ. ಫೈಬರ್ ಟೇಪನ್ನು ಮಾರ್ಕಿಂಗ್ ದಿನಕ್ಕೆ ಎರವಲು ತಂದರೂ ನಡೆಯುತ್ತದೆ. ಸಂಜೆ ಪಟ್ಟಿಯನ್ನು ಪೂರ್ತಿ ಹೊರಗೆಳೆದು, ಹಳೆಯ ಪಂಚೆಯ ತುಂಡಿನಲ್ಲಿ ಒರೆಸಿ, ಒಣಗಿದ ಮೇಲೆ ಕೈಯಲ್ಲಿ ತಡೆದು ನಿಧಾನವಾಗಿ ಒಳಬಿಡುತ್ತೇನೆ.