ಮೊಲದ ಪಾಲಿಕ್ಲೋನಲ್ಲೋ, ಇಲಿಯ ಮೊನೊಕ್ಲೋನಲ್ಲೋ: ಮಡಿಕೇರಿಯ ಮಳೆಗಾಲದಲ್ಲಿ ಪಿ53

ಕ್ಯಾನ್ಸರ್ ತಡೆಯುವ ಪಿ53 ಪ್ರೋಟೀನನ್ನು ಗುರುತಿಸಲು ಯಾವ ಆಂಟಿಬಾಡಿ (ಅದಕ್ಕೇ ಹೋಗಿ ಅಂಟುವ ಪ್ರೋಟೀನ್) ತರಿಸಲಿ ಅಂತ ಜೂನಿಯರ್‌ಗಳು ಆಗಾಗ ಕೇಳುತ್ತಾರೆ. ಸುಮ್ನೆ ಕ್ಯಾಟಲಾಗ್ ನೋಡಿ ಹೇಳುವ ಬದಲು, ಕಳೆದ ಮಳೆಗಾಲದಲ್ಲಿ ಮಡಿಕೇರಿಯ ನಮ್ಮ ಸಣ್ಣ ಲ್ಯಾಬಿನಲ್ಲಿ ಎರಡನ್ನೂ ಹಾಕಿ ನೋಡಿದೆ. ಒಂದು ಮೊಲದ ಪಾಲಿಕ್ಲೋನಲ್ (ಹಲವು ಬಗೆಯ ಆಂಟಿಬಾಡಿಗಳ ಮಿಶ್ರಣ), ಇನ್ನೊಂದು ಡಿಒ-1 ಅನ್ನುವ ಇಲಿಯ ಮೊನೊಕ್ಲೋನಲ್ (ಒಂದೇ ಬಗೆಯದು). ಸೆಲ್ ಬೆಳೆಸುವ ಅನುಕೂಲ ನಮ್ಮಲ್ಲಿಲ್ಲ. ಲೈಸೇಟ್, ಅಂದರೆ ಒಡೆದ ಸೆಲ್‌ಗಳ ರಸ, ಮೈಸೂರಿನಿಂದ ಡ್ರೈ ಐಸ್‌ನಲ್ಲಿ ಬಂತು. ಅದನ್ನೇ ಎರಡು ಬ್ಲಾಟ್‌ಗೂ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ, ಮೆಂಬ್ರೇನ್ ಅನ್ನುವ ಹಾಳೆಗೆ ಇಳಿಸಿ, ಆಂಟಿಬಾಡಿಯಿಂದ ಬ್ಯಾಂಡ್ ಆಗಿ ನೋಡುವ ಪರೀಕ್ಷೆ) ಬಳಸಿದೆ.

ಮೊದಲ ನೋಟಕ್ಕೆ ಮೊಲದ್ದೇ ಇಷ್ಟವಾಯಿತು. ಪಿ53 ಹೆಚ್ಚಿಸುವ ಡಾಕ್ಸೊರುಬಿಸಿನ್ ಔಷಧ ಕೊಡದ ಎಂಸಿಎಫ್-7 ಅನ್ನುವ ಸ್ತನ ಕ್ಯಾನ್ಸರ್ ಸೆಲ್‌ಗಳಲ್ಲಿ ಪಿ53 ತೀರಾ ಕಮ್ಮಿ. ಅಲ್ಲೂ ಬ್ಯಾಂಡ್ ಚೆನ್ನಾಗಿ ಬಂತು. ಡಿಒ-1 ಮೆಂಬ್ರೇನ್‌ನಲ್ಲಿ ಅದೇ ಜಾಗದಲ್ಲಿ ಹೊಗೆ ಸೋಕಿದಷ್ಟು ಗುರುತು. ಪಾಲಿಕ್ಲೋನಲ್ ಅಂದರೆ ಪ್ರೋಟೀನಿನ ಬೇರೆ ಬೇರೆ ಜಾಗ ಹಿಡಿಯುವ ಆಂಟಿಬಾಡಿಗಳ ಗುಂಪು, ಅದಕ್ಕೇ ಸಿಗ್ನಲ್ ಜಾಸ್ತಿ. ಡಿಒ-1 ಹಿಡಿಯುವುದು 393 ಅಮೈನೋ ಆಮ್ಲಗಳಲ್ಲಿ 20ರಿಂದ 25ರವರೆಗಿನ ತುಣುಕನ್ನು ಮಾತ್ರ. 40ನೆಯದರಿಂದ ಶುರುವಾಗುವ ಮೊಟಕು ಪಿ53 ಅದಕ್ಕೆ ಕಾಣುವುದೇ ಇಲ್ಲ.

ಆದರೆ ಮೊಲದ್ದರ ಮೆಂಬ್ರೇನ್‌ನಲ್ಲಿ ಎಚ್1299 ಅನ್ನುವ ಶ್ವಾಸಕೋಶ ಕ್ಯಾನ್ಸರ್ ಸೆಲ್‌ನ ಲೇನ್ (ಸ್ಯಾಂಪಲ್ ಓಡಿದ ಸಾಲು) ನೋಡಿದಾಗ ಎದೆ ಧಸಕ್ಕೆಂದಿತು. ಆ ಸೆಲ್‌ನಲ್ಲಿ ಪಿ53 ಇಲ್ಲವೇ ಇಲ್ಲ. ಖಾಲಿ ಇರಬೇಕಾದ ಕಡೆ, 53 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಗುರುತಿಗಿಂತ ಸ್ವಲ್ಪ ಮೇಲೆ, ಉಗುರಿನಿಂದ ಗೀರಿದಂಥ ಗೆರೆ. ಎಂಸಿಎಫ್-7 ಲೇನ್‌ನಲ್ಲೂ ಅದೇ ಗೆರೆ, ನಿಜವಾದ ಬ್ಯಾಂಡಿನ ಬೆನ್ನಿಗೇ ಅಂಟಿಕೊಂಡಿತ್ತು. ಎಚ್1299 ಓಡಿಸದಿದ್ದರೆ ಅದನ್ನೂ ಪಿ53 ಅಂತಲೇ ಬರೆದುಬಿಡುತ್ತಿದ್ದೆ ಅಲ್ವಾ? ಆಂಟಿಬಾಡಿ ಕಂಡಲ್ಲಿ ಅಂಟದಂತೆ ಮಾಡುವ ಬ್ಲಾಕಿಂಗ್‌ಗೆ ಹಾಲಿನ ಪುಡಿ ಬಿಟ್ಟು ಬಿಎಸ್‌ಎ (ದನದ ರಕ್ತದ ಪ್ರೋಟೀನ್) ಹಾಕಿದೆ. ಆಂಟಿಬಾಡಿಯ ಡೈಲ್ಯೂಷನ್ (ತೆಳು ಮಾಡುವ ಪ್ರಮಾಣ) 1:1000 ಇದ್ದದ್ದನ್ನು 1:5000 ಮಾಡಿದೆ. ಗೆರೆ ತೆಳುವಾಯಿತೇ ಹೊರತು ಹೋಗಲಿಲ್ಲ. ಡಿಒ-1ರಲ್ಲಿ ಆ ಲೇನ್ ತೊಳೆದಿಟ್ಟ ಹಾಗೆ ಖಾಲಿ.

ಲಾಟ್‌ನ, ಅಂದರೆ ತಯಾರಾದ ಬ್ಯಾಚಿನ, ತಾಪತ್ರಯ ಬೇರೆ. ಎರಡನೇ ಸಲ ಬಂದ ಪಾಲಿಕ್ಲೋನಲ್‌ನ ಲಾಟ್ ನಂಬರ್ ಬದಲಾಗಿತ್ತು. ಬೇರೆ ಮೊಲ, ಬೇರೆ ಸೀರಮ್. ಹಳೆಯ ಡೈಲ್ಯೂಷನ್‌ನಲ್ಲೇ ಹಾಕಿದೆ, ಮೆಂಬ್ರೇನ್ ಪೂರ್ತಿ ಕಪ್ಪು. ಸರಿಯಾದ ಅಳತೆ ಹುಡುಕಲು ಒಂದು ವಾರ ಹೋಯಿತು. ಮೊನೊಕ್ಲೋನಲ್ ಒಂದೇ ಕೋಶದ ಸಂತತಿಯಿಂದ ಬರುತ್ತದೆ. 1975ರಲ್ಲಿ ವಿಜ್ಞಾನಿಗಳಾದ ಕೋಹ್ಲರ್, ಮಿಲ್‌ಸ್ಟೈನ್ ತೋರಿಸಿಕೊಟ್ಟ ದಾರಿ ಅದು. ಹಾಗಾಗಿ ಈ ರಗಳೆ ಕಮ್ಮಿ.

ಇನ್ನು ನಮ್ಮೂರಿನ ಕರೆಂಟ್. ಜುಲೈನಲ್ಲಿ ಮರ ಬಿದ್ದು ಎರಡು ದಿನ ಇರಲಿಲ್ಲ. ನಮ್ಮ ಡಿಒ-1 50% ಗ್ಲಿಸರಾಲ್‌ನಲ್ಲಿತ್ತು. ಅದು ಮೈನಸ್ 20ರಲ್ಲೂ ಗಟ್ಟಿಯಾಗುವುದಿಲ್ಲ, ಏನೂ ಆಗಲಿಲ್ಲ. ಮೊಲದ್ದು ಗ್ಲಿಸರಾಲ್ ಇಲ್ಲದ್ದು. ಕರಗಿ ಮತ್ತೆ ಗಟ್ಟಿಯಾದ ಮೇಲೆ ಸಿಗ್ನಲ್ ಅರ್ಧಕ್ಕಿಳಿಯಿತು. ಇದರಲ್ಲಿ ಮೊಲದ ತಪ್ಪಿಲ್ಲ, ದ್ರಾವಣದ್ದು. ತರಿಸುವ ಮೊದಲು ಡೇಟಾಶೀಟ್‌ನಲ್ಲಿ ದ್ರಾವಣ ಯಾವುದು ಅನ್ನುವ ಸಾಲು ಓದಿ.

ಥೀಸಿಸ್‌ಗೆ ಹೋಗುವ ಚಿತ್ರಗಳಿಗೆ ಈಗ ಡಿಒ-1 ಬಳಸುತ್ತೇನೆ. ಪ್ರೋಟೀನ್ ಕಮ್ಮಿ ಇರುವ ಸ್ಯಾಂಪಲ್‌ನಲ್ಲಿ ಹುಡುಕಾಡುವುದಕ್ಕೆ, ಮೊಟಕು ರೂಪ ನೋಡುವುದಕ್ಕೆ ಮೊಲದ್ದೇ ಬೇಕು, ಪಕ್ಕದಲ್ಲಿ ಎಚ್1299 ಇದ್ದೇ ಇರಬೇಕು. ಮೊಲದ್ದನ್ನು ವರ್ಷಕ್ಕೆ ಬೇಕಾದಷ್ಟು ಒಂದೇ ಲಾಟ್‌ನಲ್ಲಿ ಕೇಳಿ, ಮಳೆ ಹಿಡಿಯುವ ಮೊದಲೇ, ಮೇ ತಿಂಗಳಲ್ಲಿ ತರಿಸುತ್ತೇನೆ.