ಹಳೆಯ ವಿಂಚೆಸ್ಟರ್ 94 ಬಂದೂಕಿಗೆ ಸ್ಕೋಪ್ (ಗುರಿ ಹಿಡಿಯುವ ದುರ್ಬೀನು) ಹಾಕಿಸುವ ಮೊದಲು ದಯವಿಟ್ಟು ಓದಿ

ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಗೆ ಹೋಗುವ ಕನ್ನಡಿಗರು ನಾಲ್ಕಾರು ಜನರಾದರೂ ಇರಬಹುದು; ಅವರಿಗಾಗಿ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ನೆರೆಮನೆಯ ಹಿರಿಯರೊಬ್ಬರು ವಯಸ್ಸಾಯಿತೆಂದು ಬೇಟೆ ನಿಲ್ಲಿಸಿದಾಗ, 1957ರಲ್ಲಿ ತಯಾರಾದ ತಮ್ಮ .30-30 ತೋಟೆಯ ವಿಂಚೆಸ್ಟರ್ 94 ಲಿವರ್ ಬಂದೂಕನ್ನು (ಕೆಳಗಿನ ಸನ್ನೆ ತಿರುಗಿಸಿ ತೋಟೆ ಬದಲಿಸುವಂಥದ್ದು) ನನಗೆ ಕೊಟ್ಟರು. ಅದರ ಹಿಂದಿನ ತೆರೆದ ಸೈಟ್ (ಗುರಿ ಹಿಡಿಯುವ ಕಚ್ಚು) ಐವತ್ತು ಸಮೀಪಿಸಿದ ನನ್ನ ಕಣ್ಣಿಗೆ ಮಸುಕಾಗಿ ಕಾಣುತ್ತಿತ್ತು. ಬೇರೆ ಸೈಟ್ ಹಾಕಿಸಲೆಂದು ಬಂದೂಕಿನ ಅಂಗಡಿಗೆ ಒಯ್ದೆ.

ಪೀಪ್ ಸೈಟ್ (ಸಣ್ಣ ರಂಧ್ರದ ಮೂಲಕ ನೋಡಿ ಗುರಿ ಹಿಡಿಯುವಂಥದ್ದು) ಹಾಕಬಹುದೇ ಎಂದು ನಾನೇ ಕೇಳಿದ್ದೆ. "ಅದು ಅಜ್ಜಂದಿರ ಕಾಲದ್ದು, ಈಗ ಎಲ್ಲರೂ ಸ್ಕೋಪನ್ನೇ ಹಾಕಿಸುವುದು" ಎಂದ ಅಂಗಡಿಯವನು. ಈ ಬಂದೂಕಿನಲ್ಲಿ ಖಾಲಿ ತೋಟೆ ನೇರ ಮೇಲಕ್ಕೆ ಚಿಮ್ಮುತ್ತದಲ್ಲ, ಸ್ಕೋಪಿಗೆ ತಾಗುವುದಿಲ್ಲವೇ ಎಂದೂ ಕೇಳಿದೆ. ಹೌದು, ಕೇಳಿದೆ. "ಅದೆಲ್ಲ ನಮಗೆ ಬಿಡಿ" ಎಂದ. ಬಿಟ್ಟೆ. ಅವನು ಎಡಬದಿಯ ಉಕ್ಕಿಗೆ ನಾಲ್ಕು ತೂತು ಕೊರೆದು, ಸ್ಕೋಪನ್ನು ಸ್ವಲ್ಪವೂ ಪಕ್ಕಕ್ಕೆ ಸರಿಸದೆ, ತೋಟೆ ಹೊರಬರುವ ಬಾಯಿಯ ಮೇಲೆಯೇ ಕೂರಿಸಿಕೊಟ್ಟ.

ಶೂಟಿಂಗ್ ರೇಂಜಿನಲ್ಲಿ ಮೊದಲ ಗುಂಡು ಹಾರಿಸಿ ಲಿವರ್ ತಿರುಗಿಸಿದೆ. ಖಾಲಿ ತೋಟೆ ಮೇಲೆದ್ದು ಸ್ಕೋಪಿನ ಅಡಿಗೆ ಟಣ್ ಎಂದು ಬಡಿದು, ಮರಳಿ ಒಳಗೆ ಬಿದ್ದು ಅಡ್ಡ ಸಿಕ್ಕಿಕೊಂಡಿತು. ಬೆರಳು ತೂರಿಸಿ ತೆಗೆದೆ. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಸ್ಕೋಪ್ ಎತ್ತರದಲ್ಲಿದ್ದುದರಿಂದ ಕೆನ್ನೆ ಮರದ ಹಿಡಿಗೆ ತಾಗದೆ ಕತ್ತು ಎತ್ತಿಯೇ ಗುರಿ ಹಿಡಿಯಬೇಕಿತ್ತು.

ಪಕ್ಕದಲ್ಲಿದ್ದ ವೃದ್ಧರೊಬ್ಬರು ಬಂದೂಕನ್ನು ತಿರುಗಿಸಿ ನೋಡಿ, ಎಡಬದಿಯ ಹಿಂಭಾಗದಲ್ಲಿದ್ದ ಎರಡು ಪುಟ್ಟ ಸ್ಕ್ರೂಗಳ ಮೇಲೆ ಉಗುರಿಟ್ಟರು. ಪೀಪ್ ಸೈಟಿಗೆಂದೇ ಕಾರ್ಖಾನೆಯವರು ಮೊದಲೇ ಕೊರೆದು ಸ್ಕ್ರೂ ತುಂಬಿದ್ದ ತೂತುಗಳವು! ಒಂದು ತೂತನ್ನೂ ಹೊಸದಾಗಿ ಕೊರೆಯಬೇಕಿರಲಿಲ್ಲ. ನನ್ನ ಮುಖಕ್ಕೆ ರಕ್ತ ನುಗ್ಗಿತು. ಅದೇ ಸ್ಕ್ರೂಗಳ ಪಕ್ಕದಲ್ಲಿ ಡ್ರಿಲ್ ಹಿಡಿದವನಿಗೆ ಅವು ಕಾಣಲಿಲ್ಲವೇ?

ಅಂಗಡಿಗೆ ಹೋದರೆ "ಕೆಲಸಕ್ಕೆ ಒಪ್ಪಿ ಸಹಿ ಹಾಕಿದ್ದು ನೀವೇ" ಎಂದ. ತೋಟೆ ಸಿಕ್ಕಿಕೊಳ್ಳುತ್ತಿದೆ ಎಂದರೆ "ನೀವು ಲಿವರನ್ನು ನಿಧಾನವಾಗಿ ಎಳೆಯುತ್ತಿದ್ದೀರಿ" ಎಂದ. ಹಣ ಕೇಳಿದರೆ "ಕೊರೆದ ಕೆಲಸಕ್ಕೆ ವಾಪಸಿಲ್ಲ" ಎಂದ. 1964ಕ್ಕಿಂತ ಹಿಂದಿನ ವಿಂಚೆಸ್ಟರ್ ಬಂದೂಕುಗಳನ್ನು ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ, ಹೊಸ ತೂತು ಬಿದ್ದರೆ ಬೆಲೆಯೇ ಇಳಿಯುತ್ತದೆ ಎಂದರೆ ಉತ್ತರವೇ ಇಲ್ಲ.

ಸ್ಕೋಪೇ ಬೇಕೆಂದರೆ ಪಕ್ಕಕ್ಕೆ ತೋಟೆ ಉಗುಳುವ ಮಾರ್ಲಿನ್ 336 ತೆಗೆದುಕೊಳ್ಳಿ, ಇಲ್ಲವೇ 1980ರ ದಶಕದ ನಂತರದ, ತೋಟೆ ಓರೆಯಾಗಿ ಹಾರುವ 94 ನೋಡಿ. ಹಳೆಯದಕ್ಕೆ ಪೀಪ್ ಸೈಟೇ ಸರಿ; ಅದು ಎತ್ತರ ಕೂರುವುದರಿಂದ ಗುಂಡು ಗುರಿಗಿಂತ ಮೇಲೆ ಬೀಳಬಹುದು, ಆಗ ಮುಂದಿನ ಸೈಟನ್ನೂ ಎತ್ತರದ್ದಕ್ಕೆ ಬದಲಿಸಬೇಕು. ಎಲ್ಲಿ ಕೊರೆಯುತ್ತಾರೆಂದು ಬರೆಸಿಕೊಳ್ಳದೆ ಬಂದೂಕನ್ನು ಕೈಬಿಡಬೇಡಿ.

ಈಗ ಆ ಎರಡು ತೂತುಗಳಿಗೇ ಪೀಪ್ ಸೈಟ್ ಕೂತಿದೆ. ಉಳಿದ ನಾಲ್ಕು ತೂತುಗಳು ಹಾಗೆಯೇ ಕಾಣುತ್ತವೆ. ಹಿರಿಯರು ಎರಡು ಸಲ ಬಂದೂಕು ಹೇಗಿದೆ ಎಂದು ವಿಚಾರಿಸಿದರು. ತಂದು ತೋರಿಸಲು ನನಗಿನ್ನೂ ಧೈರ್ಯ ಬಂದಿಲ್ಲ.